ವಾಣಿಜ್ಯ ಮತ್ತು ನಿರ್ವಹಣಾ ಶಾಸ್ತ್ರದಲ್ಲಿ ಪಿಎಚ್.ಡಿ.: ಅರ್ಜಿಗೆ ಮುನ್ನ ಒಂದು ಪ್ರಶ್ನೆ

ಕಳೆದ ಸೆಪ್ಟೆಂಬರಿನಲ್ಲಿ, ಲೆಕ್ಕಪರಿಶೋಧನಾ ವರದಿಗಳ ಗಡಿಬಿಡಿಯ ನಡುವೆ, ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿಯ ದಲಾಲಿ ಅಂಗಡಿ ನಡೆಸುತ್ತಿರುವ ನನ್ನ ಹಳೆಯ ಕಕ್ಷಿದಾರರೊಬ್ಬರು ಸಹಿ ಹಾಕಲೆಂದು ಕಚೇರಿಗೆ ಬಂದಿದ್ದರು. ಸಹಿಯ ಕೆಲಸ ಮುಗಿದ ಮೇಲೆ ಚೀಲದಿಂದ ನುಣುಪಾದ ಕಾಗದದ ಪುಸ್ತಿಕೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಎಂ.ಕಾಂ. ಮುಗಿಸಿರುವ ಅವರ ಮಗಳಿಗೆ ಡಾಕ್ಟರೇಟ್ ಮಾಡುವ ಆಸೆ. ವಿದೇಶಿ ವಿಶ್ವವಿದ್ಯಾಲಯವೊಂದರ ಪದವಿಯನ್ನು ಹದಿನೆಂಟು ತಿಂಗಳಲ್ಲಿ, ಮನೆಯಲ್ಲಿಯೇ ಕುಳಿತು, ಮೂರು ಕಂತುಗಳಲ್ಲಿ ಶುಲ್ಕ ಕಟ್ಟಿ ಪಡೆಯಬಹುದೆಂದು ಆ ಪುಸ್ತಿಕೆ ಸಾರುತ್ತಿತ್ತು. ಒಟ್ಟು ಶುಲ್ಕ ಆರು ಲಕ್ಷ ರೂಪಾಯಿಗಳ ಆಸುಪಾಸು. ಅವರು ಕೇಳಿದ ಮೊದಲ ಪ್ರಶ್ನೆ, ವ್ಯಾಪಾರಸ್ಥರಿಗೆ ಸಹಜವಾದುದೇ: "ಸಾಹೇಬರೇ, ಇದನ್ನು ಅಂಗಡಿಯ ಖರ್ಚಿಗೆ ಹಾಕಬಹುದೇ?"

ಆ ಪ್ರಶ್ನೆಗೆ ಉತ್ತರ ಚಿಕ್ಕದು. ಮಕ್ಕಳ ವಿದ್ಯಾಭ್ಯಾಸದ ವೆಚ್ಚವು ಸಾಮಾನ್ಯವಾಗಿ ವೈಯಕ್ತಿಕ ವೆಚ್ಚವಾಗಿದ್ದು, ವ್ಯವಹಾರದ ಖರ್ಚಾಗಿ ಮಾನ್ಯವಾಗುವುದಿಲ್ಲ. ಮಾನ್ಯವಾದ ಕೆಲವು ಪ್ರಕರಣಗಳಲ್ಲಿ ವಿದ್ಯಾಭ್ಯಾಸಕ್ಕೂ ವ್ಯವಹಾರಕ್ಕೂ ಇರುವ ನೇರ ಸಂಬಂಧವನ್ನು ನ್ಯಾಯಾಲಯಗಳು ಪರಿಶೀಲಿಸಿವೆ. ಆದರೆ ಕೇಳಬೇಕಾಗಿದ್ದ ಪ್ರಶ್ನೆ ಬೇರೆಯೇ ಇತ್ತು. ಇತ್ತೀಚೆಗೆ ನಮ್ಮ ಸಂಸ್ಥೆಯ ಅನೇಕ ಸದಸ್ಯರು ಮಕ್ಕಳ ಸಲುವಾಗಿ ಇಂಥದೇ ಪುಸ್ತಿಕೆಗಳನ್ನು ಹಿಡಿದು ಬರುತ್ತಿರುವುದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ವಾಚಕರ ಮುಂದಿಡಬಯಸುತ್ತೇನೆ.

ಪುಸ್ತಿಕೆಯ ವಿಷಯವನ್ನು ಮೊದಲು ಮುಗಿಸಿಬಿಡೋಣ. ಶಿಕ್ಷಣ ತಂತ್ರಜ್ಞಾನ ಕಂಪನಿಗಳು ವಿದೇಶಿ ಸಂಸ್ಥೆಗಳ ಸಹಯೋಗದಲ್ಲಿ ನೀಡುವ ಆನ್‌ಲೈನ್ ಪಿಎಚ್.ಡಿ.ಗಳಿಗೆ ಮಾನ್ಯತೆ ಇಲ್ಲವೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ ಹಾಗೂ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಗಳು 2022ರ ಅಕ್ಟೋಬರಿನಲ್ಲಿ ಜಂಟಿಯಾಗಿ ಎಚ್ಚರಿಸಿವೆ. ದೂರಶಿಕ್ಷಣದ ಮೂಲಕ ಪಿಎಚ್.ಡಿ. ಪದವಿ ನೀಡಲು ನಿಯಮಗಳಲ್ಲಿ ಅವಕಾಶವಿಲ್ಲ. ಸ್ವದೇಶಿ ಸಂಸ್ಥೆಗಳೆಲ್ಲವೂ ಸುರಕ್ಷಿತವೆಂದು ಇದರಿಂದ ಭಾವಿಸಬಾರದು. ಪಿಎಚ್.ಡಿ. ನಿಯಮಗಳನ್ನು ಪಾಲಿಸದ ಕಾರಣಕ್ಕೆ ರಾಜಸ್ಥಾನದ ಮೂರು ಖಾಸಗಿ ವಿಶ್ವವಿದ್ಯಾಲಯಗಳು ಐದು ವರ್ಷಗಳವರೆಗೆ ಹೊಸ ಸಂಶೋಧನಾರ್ಥಿಗಳನ್ನು ಸೇರಿಸಿಕೊಳ್ಳಬಾರದೆಂದು 2025ರ ಜನವರಿಯಲ್ಲಿ ಆಯೋಗ ಆದೇಶಿಸಿತು. ಪುಸ್ತಿಕೆಯಲ್ಲಿ ಬರೆದಿದ್ದ 'ಡಿ.ಬಿ.ಎ.' ಎಂಬ ಪದವಿ ತಾನಾಗಿಯೇ ಮೋಸದ್ದಲ್ಲ. ಅನುಭವಿ ಅಧಿಕಾರಿಗಳಿಗಾಗಿ ಅದನ್ನು ಗಂಭೀರವಾಗಿ ನಡೆಸುವ ಸಂಸ್ಥೆಗಳೂ ಉಂಟು. ಆದರೆ ಅಂಥ ಪದವಿಯನ್ನು ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪಕ ಹುದ್ದೆಗೆ ಪಿಎಚ್.ಡಿ.ಯೆಂದು ತೋರಿಸಲು ಹೊರಟರೆ ತೊಡಕು ಖಂಡಿತ.

ಹಾಗಾದರೆ ನಿಜವಾದ ಡಾಕ್ಟರೇಟ್ ಎಂದರೇನು? ಎಂ.ಬಿ.ಎ.ಯ ಮುಂದಿನ ತರಗತಿ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದು ತಪ್ಪು. ಎಂ.ಬಿ.ಎ. ಅಂಗಡಿ ನಡೆಸುವುದನ್ನು ಕಲಿಸುತ್ತದೆ. ಒಂದು ಅಂಗಡಿ ಒಂದು ರೀತಿ, ಮತ್ತೊಂದು ಇನ್ನೊಂದು ರೀತಿ ಏಕೆ ನಡೆಯುತ್ತದೆ ಎಂಬುದನ್ನು ಪುರಾವೆಯೊಂದಿಗೆ ಕಂಡುಹಿಡಿಯುವುದು ಡಾಕ್ಟರೇಟಿನ ಕೆಲಸ.

ನಮ್ಮ ಸದಸ್ಯರಿಗೆ ಹತ್ತಿರವಾದ ಎರಡು ಉದಾಹರಣೆಗಳನ್ನು ಕೊಡುತ್ತೇನೆ. ಮುಂಬಯಿಯ ಸಮೀಪದ ಜವಳಿ ಗಿರಣಿಗಳಲ್ಲಿ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಒಂದು ಪ್ರಯೋಗ ನಡೆಸಿದರು. ಕೆಲವು ಗಿರಣಿಗಳಿಗೆ ಸಲಹಾ ಸಂಸ್ಥೆಯೊಂದರಿಂದ ಹಲವು ತಿಂಗಳು ಉಚಿತ ಮಾರ್ಗದರ್ಶನ ಕೊಡಿಸಿದರು: ದಾಸ್ತಾನನ್ನು ವಿಂಗಡಿಸಿ ಇಡುವುದು, ಬಟ್ಟೆಯ ದೋಷಗಳನ್ನು ದಿನದಿನವೂ ಬರೆದಿಡುವುದು, ಯಂತ್ರಗಳ ನಿರ್ವಹಣೆಗೆ ವೇಳಾಪಟ್ಟಿ ಮಾಡುವುದು. ಇನ್ನು ಕೆಲವು ಗಿರಣಿಗಳಲ್ಲಿ ಕೇವಲ ತಪಾಸಣೆ ನಡೆಸಿ ಬಿಟ್ಟರು. ಮೊದಲ ವರ್ಷದಲ್ಲಿಯೇ ಮಾರ್ಗದರ್ಶನ ಪಡೆದ ಗಿರಣಿಗಳ ಉತ್ಪಾದಕತೆ ಶೇಕಡ 17ರಷ್ಟು ಏರಿತೆಂದು 2013ರಲ್ಲಿ ಪ್ರಕಟವಾದ ಅವರ ಪ್ರಬಂಧ ಹೇಳುತ್ತದೆ. ನೆಲ ಗುಡಿಸಿ ದಾಸ್ತಾನಿಗೆ ಚೀಟಿ ಅಂಟಿಸಿದರೆ ಲಾಭ ಬರುತ್ತದೆಂದು ನಮ್ಮ ಹಿರಿಯರೂ ಹೇಳುತ್ತಿದ್ದರು, ನಿಜ. ಎಷ್ಟು ಬರುತ್ತದೆ, ಅದು ಚೀಟಿಯಿಂದಲೇ ಬಂದದ್ದೇ ಅಥವಾ ಆ ವರ್ಷದ ಬೇಡಿಕೆಯಿಂದ ಬಂದದ್ದೇ ಎಂದು ಮಾತ್ರ ಅವರು ಹೇಳಲಾರರು.

ಎರಡನೆಯದು ನಮ್ಮದೇ ಪ್ರಾಂಗಣಗಳ ವಿಷಯ. ಕರ್ನಾಟಕ ಸರ್ಕಾರವು 2014ರಿಂದ ಕೃಷಿ ಮಾರುಕಟ್ಟೆಗಳನ್ನು ಏಕೀಕೃತ ಆನ್‌ಲೈನ್ ವೇದಿಕೆಗೆ ಜೋಡಿಸಿದ್ದು ಎ.ಪಿ.ಎಂ.ಸಿ. ವರ್ತಕರಿಗೆಲ್ಲ ಗೊತ್ತೇ ಇದೆ. ಇ-ಟೆಂಡರಿನಿಂದ ರೈತನಿಗೆ ಒಳ್ಳೆಯದಾಯಿತೇ ಇಲ್ಲವೇ ಎಂದು ನಾವು ಚಹದಂಗಡಿಯಲ್ಲಿ ವರ್ಷಗಟ್ಟಲೆ ವಾದಿಸಿದ್ದೇವೆ. ಅಮೆರಿಕದ ಎಂ.ಐ.ಟಿ.ಯ ಸಂಶೋಧಕರು ಆ ವೇದಿಕೆಯನ್ನು ನಡೆಸುತ್ತಿದ್ದ ಸಂಸ್ಥೆಯೊಡನೆ ಸೇರಿ ಬೆಲೆಗಳ ದತ್ತಾಂಶವನ್ನು ಪರಿಶೀಲಿಸಿ, ಭತ್ತದ ಬೆಲೆ ಸರಾಸರಿ ಶೇಕಡ 5.1, ಶೇಂಗಾದ ಬೆಲೆ 3.6, ಮೆಕ್ಕೆಜೋಳದ ಬೆಲೆ 3.5ರಷ್ಟು ಏರಿತೆಂದು 2020ರಲ್ಲಿ ಪ್ರಕಟಿಸಿದರು. ಆ ತಂಡದಲ್ಲಿ ಡಾಕ್ಟರೇಟ್ ವಿದ್ಯಾರ್ಥಿಯೊಬ್ಬರೂ ಇದ್ದರು. ನಮ್ಮ ಪ್ರಾಂಗಣದ ಕುರಿತ ಪ್ರಶ್ನೆಗೆ ಮ್ಯಾಸಚುಸೆಟ್ಸ್‌ನಲ್ಲಿ ಕುಳಿತು ಉತ್ತರ ಹುಡುಕಿದರಲ್ಲ, ಆ ಪ್ರಶ್ನೆಯನ್ನು ದಿನವೂ ಕಣ್ಣಾರೆ ಕಾಣುವ ನಮ್ಮ ಮಕ್ಕಳಿಗೆ ಅದು ಏಕೆ ಹೊಳೆಯಲಿಲ್ಲ?

ಏಕೆ ಹೊಳೆಯಲಿಲ್ಲವೆಂಬುದಕ್ಕೆ ನಾನೇ ಸಾಕ್ಷಿ.

2005ರ ಏಪ್ರಿಲ್ 1ರಂದು ರಾಜ್ಯದಲ್ಲಿ ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದಿತು. ಅದರ ಮರುವರ್ಷ, ವೃತ್ತಿಯಲ್ಲಿ ಒಂದಿಷ್ಟು ನೆಲೆ ಕಂಡ ಉತ್ಸಾಹದಲ್ಲಿ, ಪಿಎಚ್.ಡಿ.ಗೆಂದು ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಹಾಕಿದ್ದೆ. 'ಮೌಲ್ಯವರ್ಧಿತ ತೆರಿಗೆಯ ಪರಿಣಾಮಗಳು: ಒಂದು ಅಧ್ಯಯನ' ಎಂಬುದು ನನ್ನ ವಿಷಯ. ಸಂದರ್ಶನದಲ್ಲಿ ಹಿರಿಯ ಪ್ರಾಧ್ಯಾಪಕರೊಬ್ಬರು, "ಪರಿಣಾಮ ಯಾರ ಮೇಲೆ? ಯಾರಿಗೆ ಹೋಲಿಸಿ ಅಳೆಯುತ್ತೀರಿ?" ಎಂದು ಕೇಳಿದರು. ನಾನು ಕಾಯಿದೆಯ ಕಲಂಗಳನ್ನು ಒಪ್ಪಿಸತೊಡಗಿದೆ. ಅವರು ತಾಳ್ಮೆಯಿಂದ ಕೇಳಿ, ಈ ವಿಷಯದಲ್ಲಿ ಓದಿರುವ ಯಾವುದಾದರೂ ಒಂದು ಸಂಶೋಧನಾ ಪ್ರಬಂಧದ ಹೆಸರು ಹೇಳಿ ಎಂದರು. ಒಂದನ್ನೂ ಓದಿರಲಿಲ್ಲ. ಆಯ್ಕೆಯ ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ಅಲ್ಲಿಯೂ ಶಿಫಾರಸು ನಡೆಯುತ್ತದೆ ಎಂದು ಎರಡು ವರ್ಷ ಹೇಳಿಕೊಂಡು ತಿರುಗಿದೆ. ಆ ಮಾತು ಸುಳ್ಳೆಂದು ನನಗೆ ಆಗಲೂ ಒಳಗೊಳಗೆ ತಿಳಿದಿತ್ತು.

ನಿಜವಾದ ಪ್ರಶ್ನೆ ನನ್ನ ಕಚೇರಿಯ ಕಡತಗಳಲ್ಲಿಯೇ ಮಲಗಿತ್ತು. ಸಣ್ಣ ವರ್ತಕರಿಗೆ ರಾಜಿ ತೆರಿಗೆಯ ಸೌಲಭ್ಯವಿತ್ತು: ವಹಿವಾಟಿನ ಮೇಲೆ ಅಲ್ಪ ದರದ ತೆರಿಗೆ ಕಟ್ಟಿ, ಹೆಚ್ಚಿನ ಲೆಕ್ಕಪತ್ರದ ಗೋಜಿಲ್ಲದೆ ಇರಬಹುದಿತ್ತು. ಅರ್ಹರಾಗಿದ್ದರೂ ನನ್ನ ಕೆಲವು ಕಕ್ಷಿದಾರರು ಅದನ್ನು ಬಿಟ್ಟು ಪೂರ್ಣ ನೋಂದಣಿಗೇ ಹೋದರು, ಕೆಲವರು ಹೋಗಲಿಲ್ಲ. ಗಿರಾಕಿಗಳು ನೋಂದಾಯಿತ ವರ್ತಕರಾಗಿದ್ದರೆ, ಅವರಿಗೆ ಹೂಡುವಳಿ ತೆರಿಗೆಯ ಜಮೆ ಬೇಕಾಗಿದ್ದರಿಂದ ಮಾರುವವನೂ ಪೂರ್ಣ ನೋಂದಣಿ ಮಾಡಿಸಲೇಬೇಕಾಗುತ್ತಿತ್ತು. ತೆರಿಗೆಯ ಶಿಸ್ತು ಸರಪಣಿಯಂತೆ ಒಬ್ಬರಿಂದ ಒಬ್ಬರಿಗೆ ಹರಡುತ್ತಿತ್ತು. ಇದನ್ನು ಕಣ್ಣಾರೆ ಕಂಡಿದ್ದೆ, ಪ್ರಶ್ನೆಯೆಂದು ಗುರುತಿಸಲಿಲ್ಲ. ಮುಂದೆ ಲೂಸಿ ಗಾಡೆನ್, ತುಷಾರ್ ನಂದಿ ಮತ್ತು ರೋಲಾಂ ರಾತೆಲೋ ಎಂಬ ಅರ್ಥಶಾಸ್ತ್ರಜ್ಞರು ಪಶ್ಚಿಮ ಬಂಗಾಳದ ತೆರಿಗೆ ದತ್ತಾಂಶವನ್ನು ಬಳಸಿ ಇದೇ ಸರಪಣಿಯನ್ನು ಅಧ್ಯಯನ ಮಾಡಿದ್ದನ್ನು ಓದಿದಾಗ ಆದ ಸಂಕಟವನ್ನು ಬರೆಯುವುದು ಬೇಡ. ಜಿ.ಎಸ್.ಟಿ. ಬಂದ ಮೇಲೆಯೂ ರಾಜಿ ತೆರಿಗೆ ಪದ್ಧತಿ ಉಳಿದಿರುವುದರಿಂದ ಈ ಪ್ರಶ್ನೆಯ ಅರ್ಧಭಾಗ ಇಂದಿಗೂ ಖಾಲಿಯಿದೆ. ಬೇಕಾದವರು ತೆಗೆದುಕೊಳ್ಳಬಹುದು.

ನನ್ನ ವೃತ್ತಿಬಾಂಧವರಿಗೆ ಇಲ್ಲೊಂದು ಮಾತು. ಸಿ.ಎ. ಆದವರಿಗೆ ಸಂಶೋಧನೆಯ ದಾರಿ ಮುಚ್ಚಿಲ್ಲ. ಸಿ.ಎ., ಸಿ.ಎಸ್. ಹಾಗೂ ಐ.ಸಿ.ಡಬ್ಲ್ಯು.ಎ. ಅರ್ಹತೆಗಳನ್ನು ಸ್ನಾತಕೋತ್ತರ ಪದವಿಗೆ ಸಮಾನವೆಂದು ಪರಿಗಣಿಸಲು ಆಯೋಗವು 2021ರಲ್ಲಿ ಒಪ್ಪಿದೆ. 2021ರಿಂದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಡೀನ್ ಆಗಿರುವ ಶ್ರೀಕಾಂತ ದಾತಾರರು ಮೂಲತಃ ನಮ್ಮಂತೆಯೇ ಚಾರ್ಟರ್ಡ್ ಅಕೌಂಟೆಂಟ್, ಅಹಮದಾಬಾದಿನ ಐ.ಐ.ಎಂ. ಮುಗಿಸಿ, ಸ್ಟ್ಯಾನ್‌ಫರ್ಡ್‌ನಲ್ಲಿ ಡಾಕ್ಟರೇಟ್ ಪಡೆದವರು. ಆದರೆ ಕಕ್ಷಿದಾರರ ಕಡತಗಳನ್ನು ಅವರ ಒಪ್ಪಿಗೆಯಿಲ್ಲದೆ ಸಂಶೋಧನೆಗೆ ಬಳಸುವುದು 1949ರ ನಮ್ಮ ಕಾಯಿದೆಯ ಎರಡನೆಯ ಅನುಸೂಚಿಯ ಪ್ರಕಾರ ವೃತ್ತಿ ದುರ್ನಡತೆಯಾಗುತ್ತದೆಂಬುದನ್ನು ಮರೆಯಬಾರದು.

ಅರ್ಜಿಯ ಹಾದಿಗಳು

ಈಗ ಜಾರಿಯಲ್ಲಿರುವುದು ಆಯೋಗದ 2022ರ ನಿಯಮಾವಳಿ. ಎರಡು ವರ್ಷದ ಸ್ನಾತಕೋತ್ತರ ಪದವಿಯಲ್ಲಿ ಶೇಕಡ 55 ಅಂಕಗಳು, ಅಥವಾ ನಾಲ್ಕು ವರ್ಷದ ಪದವಿಯಲ್ಲಿ ಶೇಕಡ 75 ಅಂಕಗಳು ಬೇಕು. ಮೀಸಲು ವರ್ಗಗಳಿಗೆ ಶೇಕಡ 5ರ ರಿಯಾಯಿತಿ ಇದೆ. ಅವಧಿ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಮರುನೋಂದಣಿಯಿಂದ ಇನ್ನೆರಡು ವರ್ಷ ದೊರೆಯಬಹುದು. ಮಹಿಳೆಯರಿಗೆ ಇದರ ಮೇಲೆ ಎರಡು ವರ್ಷಗಳ ಸಡಿಲಿಕೆಯೂ, 240 ದಿನಗಳವರೆಗೆ ಹೆರಿಗೆ ಹಾಗೂ ಶಿಶುಪಾಲನಾ ರಜೆಯೂ ಉಂಟು. ಮಗಳ ಮದುವೆಯಾದರೆ ಓದು ನಿಂತುಹೋಗುತ್ತದೆಂದು ಹೇಳುವ ತಂದೆಯರು ಈ ಸಾಲನ್ನು ಎರಡು ಸಲ ಓದಬೇಕಾಗಿ ವಿನಂತಿ.

ಅರೆಕಾಲಿಕ ಪಿಎಚ್.ಡಿ.ಗೂ ಅವಕಾಶವಿದೆ. ಅದಕ್ಕೆ ಉದ್ಯೋಗದಾತರ ನಿರಾಕ್ಷೇಪಣಾ ಪತ್ರ ಬೇಕು. ಸ್ವಂತ ಅಂಗಡಿಯ ಮಾಲೀಕ ತನಗೆ ತಾನೇ ಅದನ್ನು ಬರೆದುಕೊಳ್ಳಬೇಕೇ ಎಂದು ಸ್ನೇಹಿತರೊಬ್ಬರು ಕೇಳಿದ್ದರು. ಅರ್ಜಿ ಹಾಕುವ ಮೊದಲೇ ಆಯಾ ವಿಶ್ವವಿದ್ಯಾಲಯದ ಸಂಶೋಧನಾ ವಿಭಾಗವನ್ನು ವಿಚಾರಿಸುವುದು ಲೇಸು.

ಪ್ರವೇಶಕ್ಕೆ ಈಗ ಮುಖ್ಯ ಹೆಬ್ಬಾಗಿಲು ಎನ್.ಇ.ಟಿ. ಪರೀಕ್ಷೆ. 2024ರ ಜೂನ್ ಆವೃತ್ತಿಯಿಂದ ಅದರ ಅಂಕಗಳನ್ನೇ ಪಿಎಚ್.ಡಿ. ಪ್ರವೇಶಕ್ಕೆ ಬಳಸಲು ಅವಕಾಶವಾಗಿದೆ. ಕಿರಿಯ ಸಂಶೋಧನಾ ಶಿಷ್ಯವೇತನಕ್ಕೆ ಅರ್ಹರಾಗದೆ ಪಿಎಚ್.ಡಿ. ಪ್ರವೇಶಕ್ಕಷ್ಟೇ ಅರ್ಹರಾದವರಿಗೆ ಪರೀಕ್ಷೆಯ ಅಂಕಕ್ಕೆ ಶೇಕಡ 70, ಸಂದರ್ಶನಕ್ಕೆ 30ರ ತೂಕ. ಆ ಅಂಕ ಒಂದು ವರ್ಷದವರೆಗೆ ಮಾತ್ರ ಮಾನ್ಯ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್.ಡಿ. ಕಡ್ಡಾಯವೆಂಬ ಮಾತು ಇನ್ನೂ ಊರೂರಲ್ಲಿ ಓಡಾಡುತ್ತಿದೆ. 2023ರ ಜುಲೈ ತಿದ್ದುಪಡಿಯ ನಂತರ ಕನಿಷ್ಠ ಅರ್ಹತೆ ಎನ್.ಇ.ಟಿ. ಅಥವಾ ರಾಜ್ಯದ ಕೆ-ಸೆಟ್, ಪಿಎಚ್.ಡಿ. ಐಚ್ಛಿಕ. ಕೇವಲ ನೌಕರಿಗಾಗಿ ಆರು ವರ್ಷ ಕೊಡಲು ಹೊರಟವರು ಇದನ್ನು ತಿಳಿದು ಮುಂದುವರಿಯಲಿ.

ವಿಶ್ವವಿದ್ಯಾಲಯಕ್ಕಿಂತ ಮುಖ್ಯವಾದದ್ದು ಮಾರ್ಗದರ್ಶಕರು. ಪ್ರಾಧ್ಯಾಪಕರು ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಸಂಶೋಧನಾರ್ಥಿಗಳನ್ನು ಮಾತ್ರ ಏಕಕಾಲದಲ್ಲಿ ಹೊಂದಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಅವಧಿ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ಸೀಟು ಖಾಲಿಯಿದೆಯೇ ಎಂಬುದು ವಾಸ್ತವದಲ್ಲಿ ಯಾರ ಬಳಿ ಖಾಲಿಯಿದೆ ಎಂಬ ಪ್ರಶ್ನೆ. ಅವರು ಮಾರ್ಗದರ್ಶನ ಮಾಡಿದ ಹಿಂದಿನ ಮಹಾಪ್ರಬಂಧಗಳನ್ನು 'ಶೋಧಗಂಗಾ' ಜಾಲತಾಣದಲ್ಲಿ ಉಚಿತವಾಗಿ ಓದಬಹುದು. ಪಾಲುದಾರನನ್ನು ಸೇರಿಸಿಕೊಳ್ಳುವ ಮುನ್ನ ಅವನ ಹಳೆಯ ಖಾತೆ ನೋಡುವವರು ನಾವು. ಆರು ವರ್ಷದ ಗುರುವಿನ ವಿಷಯದಲ್ಲಿ ಅಷ್ಟನ್ನೂ ಮಾಡದೆ ಹೋಗುತ್ತೇವೆ. ಅಂಥ ಮೂರು ಪ್ರಬಂಧಗಳನ್ನು ಓದಿದರೆ, ಪ್ರಶ್ನಾವಳಿ ಹಂಚಿ ಶೇಕಡಾವಾರು ಕೋಷ್ಟಕ ಬರೆಸುವವರು ಯಾರು, ನಿಜವಾದ ಪ್ರಶ್ನೆ ಕೇಳಿಸುವವರು ಯಾರು ಎಂಬುದು ತಾನಾಗಿಯೇ ತಿಳಿಯುತ್ತದೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಎರಡೂ ಬಗೆಯವರಿದ್ದಾರೆ.

ಐ.ಐ.ಎಂ.ಗಳದು ಬೇರೆ ದಾರಿ. ಅವು ವಿಶ್ವವಿದ್ಯಾಲಯಗಳಲ್ಲದ ಕಾರಣ ದೀರ್ಘಕಾಲ 'ಫೆಲೋ' ಎಂಬ ಹೆಸರನ್ನಷ್ಟೇ ಕೊಡುತ್ತಿದ್ದವು, 2017ರ ಐ.ಐ.ಎಂ. ಕಾಯಿದೆ 2018ರ ಜನವರಿಯಲ್ಲಿ ಜಾರಿಯಾದ ನಂತರ ಪಿಎಚ್.ಡಿ. ಪದವಿಯನ್ನೇ ನೀಡಬಲ್ಲವು. ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಅಲ್ಲಿ ಶಿಷ್ಯವೇತನ ಉಂಟು. ಕ್ಯಾಟ್, ಜಿಮ್ಯಾಟ್, ಜಿ.ಆರ್.ಇ. ಮುಂತಾದ ಪರೀಕ್ಷೆಗಳ ಅಂಕಗಳ ಜೊತೆಗೆ ಸಂಶೋಧನೆಯ ಆಸಕ್ತಿಯ ಕುರಿತು ಬರಹ ಕೇಳುತ್ತಾರೆ. ಅಮೆರಿಕದ ಉತ್ತಮ ಶಾಲೆಗಳಲ್ಲಿಯೂ ಬೋಧನಾ ಶುಲ್ಕ ಮನ್ನಾ ಮಾಡಿ ವೇತನ ಕೊಡುವುದೇ ವಾಡಿಕೆ. ಅವಧಿ ಸುಮಾರು ಐದು ವರ್ಷ, ಮುಂದಿನ ಆಗಸ್ಟ್‌–ಸೆಪ್ಟೆಂಬರಿನ ಪ್ರವೇಶಕ್ಕೆ ಡಿಸೆಂಬರ್–ಜನವರಿಯಲ್ಲಿಯೇ ಅರ್ಜಿ ಮುಗಿಯುತ್ತದೆ. ಅಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರದ ತಯಾರಿಯನ್ನು ಬಿಗಿಯಾಗಿ ನೋಡುತ್ತಾರೆ. ಶಿಫಾರಸು ಪತ್ರ ಬರೆಯುವವರು ನಗರದ ಗಣ್ಯರಾಗಿದ್ದು ಪ್ರಯೋಜನವಿಲ್ಲ. ಅಭ್ಯರ್ಥಿಯ ಕೆಲಸವನ್ನು ಹತ್ತಿರದಿಂದ ಕಂಡವರಾಗಿರಬೇಕು. ನಮ್ಮ ಸಂಸ್ಥೆಯ ಪದಾಧಿಕಾರಿಗಳ ಲೆಟರ್‌ಹೆಡ್ ಕೇಳಿಕೊಂಡು ಬರುವವರಿಗೆ ಇದನ್ನು ತಿಳಿಸಬೇಕಾಯಿತು.

ಜಮೆ–ಖರ್ಚು

ಕಿರಿಯ ಸಂಶೋಧನಾ ಶಿಷ್ಯವೇತನ 2023ರ ಜನವರಿಯಿಂದ ಪರಿಷ್ಕೃತವಾಗಿ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ನಂತರ ಹಿರಿಯ ದರ 42,000. ಐದು ವರ್ಷಕ್ಕೆ ಕೂಡಿಸಿದರೆ, ಮನೆಬಾಡಿಗೆ ಭತ್ಯೆ ಬಿಟ್ಟು, ಸರಿಯಾಗಿ 24 ಲಕ್ಷ. ಇದಕ್ಕೆ ವಯೋಮಿತಿ ಇದೆ: ಸಾಮಾನ್ಯ ವರ್ಗದವರಿಗೆ 30 ವರ್ಷ, ಮಹಿಳೆಯರಿಗೆ ಐದು ವರ್ಷಗಳ ಸಡಿಲಿಕೆ. ಪುಸ್ತಿಕೆಯ ಆರು ಲಕ್ಷವನ್ನು ನಾವು ಕೊಡಬೇಕು. ಇಲ್ಲಿ 24 ಲಕ್ಷವನ್ನು ಅವರು ಕೊಡುತ್ತಾರೆ. ಬ್ಯಾಡಗಿಯ ನನ್ನ ಕಕ್ಷಿದಾರರು ಮೊದಲ ಬಾರಿ ಕುರ್ಚಿಯಲ್ಲಿ ನೆಟ್ಟಗೆ ಕುಳಿತದ್ದು ಈ ಲೆಕ್ಕವನ್ನು ಕೇಳಿದಾಗ. ಆದರೆ ಶಿಷ್ಯವೇತನ ಸಿಗದೆ ಸೇರಿದವರ ಲೆಕ್ಕ ಬೇರೆ. ಐದಾರು ವರ್ಷಗಳ ಗಳಿಕೆಯನ್ನು ಬಿಡಬೇಕಾಗುತ್ತದೆ, ಮಧ್ಯದಲ್ಲಿ ಬಿಟ್ಟರೆ ಕೈಗೆ ಏನೂ ಉಳಿಯುವುದಿಲ್ಲ. ಅಂಥವರನ್ನು ನಮ್ಮ ಓಣಿಯಲ್ಲಿಯೇ ಕಂಡಿದ್ದೇನೆ.

ಮರುವಾರ ಆ ತಂದೆ ಮಗಳನ್ನೇ ಕರೆತಂದರು. ಏನು ತಿಳಿಯಬೇಕೆಂದಿದ್ದೀಯೆ ಎಂದು ಕೇಳಿದೆ. 'ಕೃಷಿ ಮಾರುಕಟ್ಟೆಯ ಸಮಸ್ಯೆಗಳು' ಎಂದಳು. ನನ್ನದೇ ಹಳೆಯ ಉತ್ತರ. ಕಾಲೇಜಿನಲ್ಲಿ ಬೇಡ, ಅಂಗಡಿಯಲ್ಲಿ ಒಂದು ತಿಂಗಳು ಕುಳಿತು ಬಾ ಎಂದು ಕಳುಹಿಸಿದೆ. ಡಿಸೆಂಬರಿನಲ್ಲಿ ಬಂದಾಗ ಅವಳ ಕೈಯಲ್ಲಿ ನೋಟುಪುಸ್ತಕವಿತ್ತು. ಟೆಂಡರಿನ ಬೆಲೆ ಇಳಿದ ದಿನ ಕೆಲವು ರೈತರು ಚೀಲಗಳನ್ನು ಶೀತಲಗೃಹಕ್ಕೆ ಸಾಗಿಸಿ ಕಾಯುತ್ತಾರೆ, ಕೆಲವರು ಅದೇ ದಿನ ಮಾರಿ ಹೋಗುತ್ತಾರೆ; ಮಾರಿ ಹೋಗುವವರಲ್ಲಿ ಅಂಗಡಿಯಿಂದ ಮುಂಗಡ ಪಡೆದವರೇ ಹೆಚ್ಚೇ, ಅಥವಾ ಅದು ಬೆಳೆಯ ತೇವಾಂಶದಿಂದ ಆಗುವುದೇ ಎಂಬುದು ಅವಳ ಪ್ರಶ್ನೆ. 2024ರ ಮಾರ್ಚಿಯಲ್ಲಿ ಬೆಲೆ ಕುಸಿದಾಗ ಆ ಪ್ರಾಂಗಣದಲ್ಲಿ ಏನಾಯಿತೆಂಬುದು ಎಲ್ಲರಿಗೂ ನೆನಪಿದೆ. ಪ್ರಶ್ನೆಗೆ ಬೆಲೆಯಿದೆ.

ತಂದೆಯ ಮುಖ ಮಾತ್ರ ಸಪ್ಪಗಾಯಿತು. ಮುಂಗಡ ಕೊಟ್ಟವರು ಅವರೇ. "ನನ್ನ ಮೇಲೆಯೇ ಸಂಶೋಧನೆ ಮಾಡುತ್ತಾಳೆಯೇ?" ಎಂದರು. ಮುಂಗಡವಿಲ್ಲದಿದ್ದರೆ ಆ ರೈತ ಬಿತ್ತುತ್ತಲೇ ಇರಲಿಲ್ಲ ಎಂಬ ಉತ್ತರವೂ ಬರಬಹುದು, ಮೊದಲೇ ಹೇಳಲಾಗದು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಟ್ಯಾಲಿಯಲ್ಲಿ ಎಷ್ಟು ವರ್ಷದ ಬ್ಯಾಕಪ್ ಇದೆಯೆಂದು ಗುಮಾಸ್ತನಿಗೆ ಫೋನು ಮಾಡಿ ಕೇಳಿದರು. ಒಂಬತ್ತು ವರ್ಷದ್ದಿದೆ.

ಅವಳು ಎನ್.ಇ.ಟಿ.ಗೆ ಓದುತ್ತಿದ್ದಾಳೆ. ಪ್ರಾಧ್ಯಾಪಕರೊಬ್ಬರಿಗೆ ಒಂದು ಪುಟದ ಪತ್ರ ಬರೆದಿದ್ದಳು. ನಾಲ್ಕು ಸಾಲಿನ ಉತ್ತರ ಬಂದಿದೆ. ಒಂದೇ ಅಂಗಡಿಯ ಖಾತೆ ಸಾಲದು, ಕನಿಷ್ಠ ಹತ್ತು–ಹನ್ನೆರಡು ಅಂಗಡಿಗಳಾದರೂ ಬೇಕು, ರೈತರ ಹೆಸರು ತೆಗೆದ ದತ್ತಾಂಶವಾದರೆ ಸಾಕು, ಮಾಲೀಕರ ಲಿಖಿತ ಒಪ್ಪಿಗೆ ಇರಲಿ ಎಂದು. ಬ್ಯಾಡಗಿ, ಹಾವೇರಿ, ಹುಬ್ಬಳ್ಳಿಯ ಪ್ರಾಂಗಣಗಳಲ್ಲಿ ದಲಾಲಿ ಅಂಗಡಿ ಹೊಂದಿರುವ ಸದಸ್ಯರು ಸಮ್ಮತಿಸುವುದಾದರೆ ನಮ್ಮ ಸಂಸ್ಥೆಯ ಕಾರ್ಯಾಲಯಕ್ಕೆ ತಿಳಿಸಬೇಕಾಗಿ ಕೋರುತ್ತೇನೆ. ಒಪ್ಪಿಗೆ ಪತ್ರದ ಕರಡನ್ನು ನಾನೇ ಸಿದ್ಧಪಡಿಸಿ ಅಲ್ಲಿ ಇಟ್ಟಿದ್ದೇನೆ.